ಕೊಟ್ಟ ಅನುಮತಿ ಖಜಾನೆಗೆ ಮರಳಬೇಕು

ಮೇಲುಕೋಟೆಯ ಚೆಲುವನಾರಾಯಣನ ಉತ್ಸವಮೂರ್ತಿ ಧರಿಸುವ ವೈರಮುಡಿ ಕಿರೀಟ ಮೇಲುಕೋಟೆಯಲ್ಲಿ ಇರುವುದಿಲ್ಲ. ಅದರ ವಾಸ ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಫಾಲ್ಗುಣ ಮಾಸದ ಬ್ರಹ್ಮೋತ್ಸವದಲ್ಲಿ ವೈರಮುಡಿ ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಅದರ ಪೆಟ್ಟಿಗೆ ಹೊರಬರುತ್ತದೆ. ಪೂಜೆ ಆಗುತ್ತದೆ, ಪೊಲೀಸ್ ಬಂದೋಬಸ್ತಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಬೆಟ್ಟಕ್ಕೆ ಸಾಗುತ್ತದೆ. ದಾರಿಯ ಊರುಗಳವರು ಆರತಿ ಎತ್ತುತ್ತಾರೆ, ಆದರೆ ಯಾರೂ ಪೆಟ್ಟಿಗೆ ತೆರೆಯುವಂತಿಲ್ಲ. ದೇವಸ್ಥಾನದಲ್ಲಿ ಪ್ರಧಾನ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಿರೀಟವನ್ನು ಸ್ವಾಮಿಗೆ ತೊಡಿಸುವುದು ಸಂಪ್ರದಾಯ. ಉತ್ಸವ ಮುಗಿದ ಮೇಲೆ ವೈರಮುಡಿ ಮತ್ತೆ ಖಜಾನೆ ಸೇರುತ್ತದೆ.

ಭಕ್ತಿಯ ಮಾತು ಭಕ್ತರಿಗೆ ಸೇರಿದ್ದು. ಕಂಪ್ಯೂಟರ್ ಭದ್ರತೆಯನ್ನು ಓದಿದವರಿಗೆ ಈ ಏರ್ಪಾಟಿನಲ್ಲಿ ಇನ್ನೊಂದು ಸೊಗಸೂ ಕಾಣುತ್ತದೆ. ಖಜಾನೆಯ ಕೀಲಿ ಇರುವವರಿಗೆ ಕಿರೀಟ ತೊಡಿಸುವ ಅಧಿಕಾರವಿಲ್ಲ. ತೊಡಿಸುವವರ ಬಳಿ ಖಜಾನೆಯ ಕೀಲಿ ಇಲ್ಲ. ಕಾವಲಿನ ಪೊಲೀಸರಿಗೆ ಇವೆರಡೂ ಇಲ್ಲ. ಪ್ರತಿಯೊಬ್ಬರ ಅಧಿಕಾರವೂ ಅವರ ಕೆಲಸಕ್ಕೆ ಬೇಕಾದಷ್ಟೇ, ಬೇಕಾದ ಹೊತ್ತಿಗಷ್ಟೇ. ಇಂದು ಜಗತ್ತಿನ ಬ್ಯಾಂಕುಗಳು, ಆಸ್ಪತ್ರೆಗಳು, ಸರ್ಕಾರಗಳು ತಮ್ಮ ಮಾಹಿತಿಯನ್ನು ಕ್ಲೌಡ್‌ನಲ್ಲಿ ಇಟ್ಟುಕೊಂಡು ಸಾಧಿಸಲು ಹೆಣಗುತ್ತಿರುವುದು ಇದನ್ನೇ.

ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಬಾಡಿಗೆಗೆ ಹಿಡಿದು ಇಂಟರ್ನೆಟ್ ಮೂಲಕ ಬಳಸುವುದು. ಮೊದಲು ಕಚೇರಿಯ ಮೂಲೆಯ ಕೋಣೆಯಲ್ಲಿ ಸರ್ವರ್ ಇರುತ್ತಿತ್ತು. ಕೋಣೆಯ ಬಾಗಿಲಿಗೆ ಬೀಗ ಹಾಕಿದರೆ ಅರ್ಧ ರಕ್ಷಣೆ ಆದಂತೆ. ಈಗ ಮಾಹಿತಿ ಮುಂಬೈನಲ್ಲೋ ಹೈದರಾಬಾದಿನಲ್ಲೋ ಇರುವ ಡೇಟಾ ಸೆಂಟರಿನಲ್ಲಿದೆ, ಅದನ್ನು ತಲುಪುವ ದಾರಿ ಇಡೀ ಜಗತ್ತಿಗೆ ತೆರೆದ ಇಂಟರ್ನೆಟ್. ಅಲ್ಲಿ ಒಳಗೆ ಯಾರು, ಹೊರಗೆ ಯಾರು ಎಂದು ತೀರ್ಮಾನಿಸುವುದು ಕೆಲವು ಸಾಲುಗಳ ಬರಹ. ಅದಕ್ಕೆ ಪಾಲಿಸಿ ಎನ್ನುತ್ತಾರೆ. ನಾವು ಅನುಮತಿ ನಿಯಮ ಎನ್ನೋಣ.

ಅಂಥ ನಿಯಮ ಹೇಗಿರುತ್ತದೆ? ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ತಾಳೆಗರಿಯ ಹಸ್ತಪ್ರತಿಗಳ ದೊಡ್ಡ ಸಂಗ್ರಹವಿದೆ. ಅಂಥದೊಂದು ಸಂಗ್ರಹದ ಚಿತ್ರಗಳನ್ನು ಕ್ಲೌಡ್‌ನಲ್ಲಿ ಇಡಬೇಕಾಗಿದೆ ಎಂದುಕೊಳ್ಳಿ. ವಿದ್ವಾಂಸರು ಓದಬಹುದು. ಚಿತ್ರ ತೆಗೆಯುವವರು ಹೊಸದನ್ನು ಸೇರಿಸಬಹುದು, ಹಳೆಯದನ್ನು ಅಳಿಸುವಂತಿಲ್ಲ. ಸೂಚಿ ಬರೆಯುವವರು ವಿವರಣೆ ತಿದ್ದಬಹುದು, ಮೂಲ ಚಿತ್ರ ಮುಟ್ಟುವಂತಿಲ್ಲ. ಲೆಕ್ಕಪತ್ರದವರಿಗೆ ತಿಂಗಳ ಬಿಲ್ಲು ಕಂಡರೆ ಸಾಕು. ಪ್ರತಿ ನಿಯಮವೂ ನಾಲ್ಕು ಪ್ರಶ್ನೆಗೆ ಉತ್ತರ: ಯಾರು, ಯಾವ ಕೆಲಸವನ್ನು, ಯಾವ ವಸ್ತುವಿನ ಮೇಲೆ, ಯಾವ ಷರತ್ತಿನಲ್ಲಿ ಮಾಡಬಹುದು. ಷರತ್ತು ಎಂದರೆ ಕಚೇರಿಯ ನೆಟ್‌ವರ್ಕಿನಿಂದ ಮಾತ್ರ, ಫೋನಿಗೆ ಬಂದ ಒಟಿಪಿ ಕೊಟ್ಟರೆ ಮಾತ್ರ, ಈ ತಾರೀಖಿನವರೆಗೆ ಮಾತ್ರ ಎಂಬಂಥವು.

ಇದರ ಹಿಂದೆ ಎರಡು ಕಟ್ಟಳೆಗಳಿವೆ. ನಿಯಮ ಏನನ್ನೂ ಹೇಳದಿದ್ದರೆ ಉತ್ತರ 'ಇಲ್ಲ' ಎಂದೇ. ಒಂದು ನಿಯಮ ಕೊಡು ಎಂದು, ಇನ್ನೊಂದು ಕೊಡಬೇಡ ಎಂದು ಸ್ಪಷ್ಟವಾಗಿ ಹೇಳಿದರೆ ಗೆಲ್ಲುವುದು ಕೊಡಬೇಡ ಎಂಬುದೇ. ಅಮೆಜಾನ್‌ನ ಕ್ಲೌಡ್ ನಡೆಯುವುದು ಹೀಗೆ. ಮೊದಲ ಕಟ್ಟಳೆ ಕ್ಲೌಡ್‌ಗಿಂತ ಹಳೆಯದು. 1975ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಬರೆದ ಪ್ರಬಂಧದಲ್ಲಿ ಅದಿದೆ. ಕೆಲಸಕ್ಕೆ ಬೇಕಾದ ಕನಿಷ್ಠ ಅಧಿಕಾರವನ್ನಷ್ಟೇ ಕೊಡಬೇಕು, ಮಹತ್ವದ ಬಾಗಿಲು ತೆರೆಯಲು ಇಬ್ಬರ ಕೀಲಿ ಬೇಕಾಗುವಂತಿರಬೇಕು ಎಂಬ ತತ್ತ್ವಗಳೂ ಅದರಲ್ಲಿವೆ. ಐವತ್ತು ವರ್ಷದ ಮೇಲೂ ಆ ಪ್ರಬಂಧದಲ್ಲಿ ತೆಗೆದುಹಾಕಬೇಕಾದ ಮಾತು ಹೆಚ್ಚಿಲ್ಲ.

ಸಾವಿರ ನೌಕರರಿರುವ ಕಡೆ ಒಬ್ಬೊಬ್ಬರ ಹೆಸರಿಗೂ ನಿಯಮ ಬರೆಯಲಾಗದು. 1992ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದಕ್ಕೊಂದು ಅಚ್ಚುಕಟ್ಟಾದ ದಾರಿ ತೋರಿಸಿದರು: ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಹುದ್ದೆಗೆ ಕೊಡಿ. ವ್ಯಕ್ತಿ ಹುದ್ದೆ ಬಿಟ್ಟರೆ ಅಧಿಕಾರವೂ ಬಿಟ್ಟುಹೋಗುತ್ತದೆ. ತಹಸೀಲ್ದಾರರು ವರ್ಗವಾದರೆ ಸಹಿಯ ಅಧಿಕಾರ ಅವರ ಜೊತೆ ಹೋಗುವುದಿಲ್ಲವಲ್ಲ, ಹಾಗೆ.

ತಹಸೀಲ್ದಾರರ ಮಾತು ಬಂದದ್ದರಿಂದ ಕರ್ನಾಟಕದ ರೈತರೆಲ್ಲ ಬಲ್ಲ ಭೂಮಿ ಯೋಜನೆಯನ್ನು ಇಲ್ಲಿ ನೆನೆಯಲೇಬೇಕು. ಅದಕ್ಕೆ ಮುಂಚೆ ಜಮೀನಿನ ದಾಖಲೆಯಾದ ಪಹಣಿ ಇರುತ್ತಿದ್ದದ್ದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಓದಿ ಹೇಳುವವರೂ ಅವರೇ, ನಕಲು ಕೊಡುವವರೂ ಅವರೇ, ತಿದ್ದುವ ಲೇಖನಿಯೂ ಅವರದೇ. ಪಾಂಡವಪುರದ ರೈತನಿಗೆ ಬೆಳೆಸಾಲಕ್ಕೆ ಪಹಣಿ ಬೇಕಾದರೆ ಲೆಕ್ಕಿಗರನ್ನು ಹುಡುಕಿ ಹೊರಡಬೇಕಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ್ದು ದೊಡ್ಡ ಕೆಲಸ, ನಿಜ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು, ಓದುವ ಅನುಮತಿಯನ್ನೂ ತಿದ್ದುವ ಅನುಮತಿಯನ್ನೂ ಬೇರೆ ಮಾಡಿದ್ದು. ಓದುವುದು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟ ಯಾರಿಗಾದರೂ ಸಿಕ್ಕಿತು. ಖಾತೆ ಬದಲಾವಣೆಗೆ ಮಾತ್ರ ಅರ್ಜಿ ಸರದಿಯಲ್ಲಿ ಸಾಗಬೇಕು, ಬೇರೆ ಬೇರೆ ಹಂತದ ಅಧಿಕಾರಿಗಳು ಒಪ್ಪಬೇಕು. ಸಿಬ್ಬಂದಿ ಒಳಹೊಗಲು ಬೆರಳಚ್ಚು ಕೊಡಬೇಕು, ಯಾರು ಏನು ಮಾಡಿದರು ಎಂಬುದು ದಾಖಲಾಗಬೇಕು. ಪಾಸ್‌ವರ್ಡಾದರೆ ಗೆಳೆಯನಿಗೆ ಹೇಳಿಬಿಡಬಹುದು, ಬೆರಳನ್ನು ಕೊಡಲಾಗದು. 2000ದ ಸುಮಾರಿಗೆ, ಕ್ಲೌಡ್ ಎಂಬ ಮಾತು ಜನಬಳಕೆಗೆ ಬರುವ ಮೊದಲು, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇದು ನಡೆಯಿತು.

ಹಾಗಾದರೆ ಕಷ್ಟ ಎಲ್ಲಿದೆ? ನಿಯಮ ಬರೆಯುವುದರಲ್ಲಿ ಅಲ್ಲ, ಬರೆದದ್ದನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವುದರಲ್ಲಿ. ಹೊಸ ನೌಕರ ಬಂದಾಗ ಅನುಮತಿ ಸಿಗದಿದ್ದರೆ ಕೆಲಸ ನಿಲ್ಲುತ್ತದೆ, ಅವನು ಬಂದು ಕೇಳುತ್ತಾನೆ, ಅದೇ ದಿನ ಸಿಗುತ್ತದೆ. ಅವನು ಬೇರೆ ವಿಭಾಗಕ್ಕೆ ಹೋದಾಗ ಹಳೆಯ ಅನುಮತಿ ಉಳಿದರೆ ಯಾವ ಕೆಲಸವೂ ನಿಲ್ಲುವುದಿಲ್ಲ, ಯಾರೂ ಕೇಳುವುದಿಲ್ಲ. ಹೀಗೆ ಅನುಮತಿಗಳು ಬೆಳೆಯುತ್ತಲೇ ಹೋಗುತ್ತವೆ. ಅವಸರದಲ್ಲಿ 'ಸದ್ಯಕ್ಕೆ ಎಲ್ಲವನ್ನೂ ಕೊಡು, ಆಮೇಲೆ ಬಿಗಿ ಮಾಡೋಣ' ಎಂದು ಕೊಟ್ಟದ್ದು ಹಾಗೆಯೇ ಉಳಿದುಬಿಡುತ್ತದೆ. ಮನುಷ್ಯರಿಗಷ್ಟೇ ಅಲ್ಲ, ಪ್ರೋಗ್ರಾಮುಗಳಿಗೂ ಅನುಮತಿ ಬೇಕು. ಅವು ರಾಜೀನಾಮೆ ಕೊಡುವುದಿಲ್ಲ, ನಿವೃತ್ತಿಯೂ ಆಗುವುದಿಲ್ಲ.

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆದದ್ದು ಇಂಥದೇ. ಅದರ ವೆಬ್‌ಸೈಟಿನ ಕಾವಲಿಗಿದ್ದ ಒಂದು ಪ್ರೋಗ್ರಾಮನ್ನು ಸರಿಯಾಗಿ ಹೊಂದಿಸಿರಲಿಲ್ಲ. ಹ್ಯಾಕರ್ ಅದನ್ನು ಏಮಾರಿಸಿ ಅದರ ತಾತ್ಕಾಲಿಕ ಕೀಲಿ ಪಡೆದಳು. ಕಾವಲುಗಾರನ ಕೀಲಿ ಗೇಟಿಗಷ್ಟೇ ಸೀಮಿತವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಕೀಲಿಗೆ ಬ್ಯಾಂಕಿನ ಸಂಗ್ರಹಗಳ ಪಟ್ಟಿ ನೋಡುವ, ಒಳಗಿನದನ್ನು ಓದುವ ಅನುಮತಿ ಇತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಹೋಯಿತು. ಮಾಹಿತಿಯನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೂ ಪ್ರಯೋಜನವಾಗಲಿಲ್ಲ, ಅನುಮತಿ ಇದ್ದವರಿಗೆ ಕ್ಲೌಡ್ ತಾನೇ ಅದನ್ನು ಬಿಡಿಸಿ ಕೊಡುತ್ತದೆ. ಮರುವರ್ಷ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು.

ಸಾವಿರಾರು ನಿಯಮಗಳು ಒಂದರೊಳಗೊಂದು ಹೆಣೆದುಕೊಂಡಾಗ 'ಹೊರಗಿನ ಯಾರಾದರೂ ಇದನ್ನು ಓದಬಲ್ಲರೇ?' ಎಂಬ ಸರಳ ಪ್ರಶ್ನೆಗೂ ಮನುಷ್ಯರು ಉತ್ತರಿಸಲಾರರು. ಒಂದೊಂದೇ ಉದಾಹರಣೆ ಕೊಟ್ಟು ಪರೀಕ್ಷಿಸಿದರೆ ಉಳಿದ ಸಾಧ್ಯತೆಗಳು ಬಾಕಿಯಾಗುತ್ತವೆ. ಇಲ್ಲಿ ನೆರವಿಗೆ ಬಂದದ್ದು ತರ್ಕಶಾಸ್ತ್ರ. ಅಮೆಜಾನ್‌ನ ಜೆಲ್ಕೋವಾ ಎಂಬ ಸಾಧನ ನಿಯಮಗಳನ್ನು ತರ್ಕದ ಸೂತ್ರಗಳಾಗಿ ಬದಲಿಸಿ, ಎಲ್ಲ ಸಾಧ್ಯತೆಗಳಿಗೂ ಒಟ್ಟಿಗೆ ಅನ್ವಯಿಸುವ ಉತ್ತರವನ್ನು ಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸುತ್ತದೆ. ತರ್ಕದ ಪಾಠ ಪರಂಪರೆಯಾಗಿ ನಡೆದುಬಂದ ಮೇಲುಕೋಟೆಯಂಥ ಊರಿನವರಿಗೆ ಈ ಸಂಗತಿ ಹಿತವೆನಿಸೀತು. ಅಜಾಗರೂಕತೆಯಿಂದ ಜಗತ್ತಿಗೆಲ್ಲ ತೆರೆದಿಟ್ಟ ಸಂಗ್ರಹಗಳ ಸುದ್ದಿ ಮತ್ತೆ ಮತ್ತೆ ಬಂದಮೇಲೆ, 2023ರ ಏಪ್ರಿಲ್‌ನಿಂದ ಅಮೆಜಾನ್ ಹೊಸ ಸಂಗ್ರಹಗಳನ್ನು ಹುಟ್ಟುವಾಗಲೇ ಸಾರ್ವಜನಿಕರಿಗೆ ಮುಚ್ಚಿಡುತ್ತಿದೆ. ಸಾಧನಗಳು ಇಷ್ಟನ್ನು ಮಾಡಬಲ್ಲವು. ಈ ಅನುಮತಿ ಇವರಿಗೆ ಇನ್ನೂ ಬೇಕೇ ಎಂಬುದನ್ನು ಮಾತ್ರ ಆ ಕೆಲಸ ಬಲ್ಲ ಮನುಷ್ಯರೇ ಕೂತು ನೋಡಬೇಕು.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿಗೆ ತಕ್ಕ ರಕ್ಷಣೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ದಂಡದ ಭಯಕ್ಕೆ ಕಾಯಬೇಕಾಗಿಲ್ಲ. ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ಅಂಕಪಟ್ಟಿ, ಮದುವೆಗೆ ಸಂಗ್ರಹಿಸಿದ ಆಧಾರ್ ಪ್ರತಿಗಳು ಇಂದು ಗೂಗಲ್ ಡ್ರೈವ್‌ನಂಥ ಕಡೆ ಇವೆ, ಅದೂ ಕ್ಲೌಡೇ. ಈ ವಾರ ಒಮ್ಮೆ ಬಿಡುವು ಮಾಡಿಕೊಂಡು ನಿಮ್ಮ ಕಡತಗಳ ಶೇರ್ ಪಟ್ಟಿ ತೆರೆದು ನೋಡಿ. ಕೆಲಸ ಮುಗಿದವರ ಹೆಸರು ತೆಗೆಯಿರಿ. 'ಲಿಂಕ್ ಇರುವ ಯಾರಾದರೂ' ಎಂದಿದ್ದರೆ ಅದನ್ನು ಮುಚ್ಚಿ, ಬೇಕಾದವರ ಹೆಸರನ್ನಷ್ಟೇ ಸೇರಿಸಿ.