ಬರ ಹಾಕಿಸಿದ ಹಳಿ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದನೆಯದು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಈ ಊರಲ್ಲೇ ಇದೆ. ಶತಮಾನ ದಾಟಿದ ವರ್ಕ್‌ಶಾಪೂ ಇಲ್ಲೇ ಇದೆ. ಇಷ್ಟೆಲ್ಲ ಇಲ್ಲಿಗೇ ಯಾಕೆ ಬಂತು ಎಂದು ಕೇಳಿದರೆ ಹಳಬರು ಹತ್ತಿಯ ಹೆಸರು ಹೇಳುತ್ತಾರೆ. ಅದು ನಿಜವೇ. ಧಾರವಾಡ ಸೀಮೆಯ ಅರಳೆಯ ಮೇಲೆ ಇಂಗ್ಲೆಂಡಿನ ಗಿರಣಿಗಳ ಕಣ್ಣಿತ್ತು. ಆದರೆ ಹಳಿ ಹಾಕಲು ಸರಕಾರದ ಕೈಯನ್ನು ಕೊನೆಗೂ ಹಿಡಿದೆಳೆದದ್ದು ಒಂದು ಬರ. ಜನರ ಬಾಯಲ್ಲಿ ಅದು ಧಾತು–ಈಶ್ವರ ಬರ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲೂ ಬಿಡದೆ ಕಾಡಿದ, 1876ರಿಂದ 78ರವರೆಗಿನ ಮಹಾಕ್ಷಾಮ.

ಅದಕ್ಕೂ ಮೊದಲು ಈ ಸೀಮೆಯ ಜನ ಬರಕ್ಕೆ ತಯಾರಿಲ್ಲದೆ ಕೂತಿದ್ದವರಲ್ಲ. 1791–92ರ ಡೋಗಿ ಬರವನ್ನು ಕಂಡ ತಲೆಮಾರುಗಳು ಕಾಳನ್ನು ನೆಲದೊಳಗೆ ಇಡುವುದನ್ನು ಚೆನ್ನಾಗಿ ಬಲ್ಲವು. ಅದೇ ಹಗೇವು. ಗಟ್ಟಿ ಗರಸು ನೆಲ ನೋಡಿ ಆಳಕ್ಕೆ ಅಗೆಯುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಒಡಲು ಮಾತ್ರ ವಿಶಾಲ. ತಳಕ್ಕೂ ಗೋಡೆಗೂ ಹೊಟ್ಟು, ಕಣಿಕೆ ಒತ್ತಿ ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ಒಳಗಿನ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಜೀವ ಕೈಯಲ್ಲಿ ಹಿಡಿಯಬೇಕು. ಚಪ್ಪಡಿ ಸರಿಸಿ, ಒಳಗಿನ ಕಾವು ಹೊರಗೆ ಹೋಗಲು ಬಿಟ್ಟು, ಹಗ್ಗ ಕಟ್ಟಿ ಕಂದೀಲು ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಕೆಟ್ಟ ಗಾಳಿಗೆ ಹಗೇವಿನೊಳಗೇ ಪ್ರಾಣ ಬಿಟ್ಟವರಿಂದ ಕಲಿತ ಪಾಠ ಅದು.

ಹಗೇವು ಒಂದು ವರ್ಷದ ಬರಕ್ಕೆ ಆಗುತ್ತಿತ್ತು. ಮೇಲಿಂದ ಮೇಲೆ ಮಳೆ ಕೈಕೊಟ್ಟರೆ? ಅದೂ ಇದ್ದವರ ಮನೆಯ ಮಾತು. ಕೂಲಿ ಮಾಡಿ ಉಣ್ಣುವವನಿಗೆ ಎಲ್ಲಿಯ ಹಗೇವು?

1876ರಲ್ಲಿ ಮುಂಗಾರು ಹೋಯಿತು, ಹಿಂಗಾರೂ ಹೋಯಿತು. ದೇಶದಲ್ಲಿ ಧಾನ್ಯವೇ ಇರಲಿಲ್ಲ ಎಂದೇನಿಲ್ಲ. ಅದು ಬಂದರುಗಳಲ್ಲಿ ಇಳಿಯುತ್ತಿತ್ತು. ಕುಮಟಾ, ಕಾರವಾರದಿಂದ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಎತ್ತು ನಡೆಯಬೇಕಾದರೆ ದಾರಿಯುದ್ದಕ್ಕೂ ನೀರು, ಮೇವು ಬೇಕು. ಬರ ಮೊದಲು ಕೊಂದದ್ದು ಎತ್ತುಗಳನ್ನೇ. ಧಾನ್ಯ ತರಬೇಕಾದ ಕಾಲುಗಳೇ ಬಿದ್ದುಹೋದ ಮೇಲೆ ಬಂದರಿನ ಮೂಟೆಗಳಿಂದ ಒಳನಾಡಿಗೆ ಏನು ಪ್ರಯೋಜನ? 1872ರ ಜನಗಣತಿಯಲ್ಲಿ ಹತ್ತು ಲಕ್ಷದ ಸಮೀಪವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 8,82,907ಕ್ಕೆ ಇಳಿಯಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಒಂದು ಪಾಲು ಜನ ಹೋದರೆಂಬ ಲೆಕ್ಕವಿದೆ.

ಬರ ಮುಗಿಯುವ ಹೊತ್ತಿಗೆ ರಿಚರ್ಡ್ ಸ್ಟ್ರೇಚಿ ನೇತೃತ್ವದ ಕ್ಷಾಮ ಆಯೋಗ ಕೂತಿತು. ಬರಪೀಡಿತ ಒಳನಾಡಿಗೆ ಕ್ಷಾಮ ತಡೆಯುವ ರೈಲು ಮಾರ್ಗಗಳು ಬೇಕೆಂದು 1880ರಲ್ಲಿ ಅದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಎರಡು ವರ್ಷದ ನಂತರ ಅದರ ಮೀಟರ್ ಗೇಜ್ ಹಳಿಗಳು ತುಂಡುತುಂಡಾಗಿ ತೆರೆಯತೊಡಗಿದವು. ಒಂದು ಕಡೆ ಹೊಟಗಿಯಿಂದ ವಿಜಯಪುರದ ಮೇಲೆ ಗದಗ, ಇನ್ನೊಂದು ಕಡೆ ಬಳ್ಳಾರಿಯಿಂದ ಹೊಸಪೇಟೆ, ಗದಗ, ಹುಬ್ಬಳ್ಳಿ. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಮರ್ಮಗೋವಾ ಬಂದರಿಗೆ ದಾರಿಯಾಯಿತು. ಈ ನಕಾಶೆಯನ್ನು ಬರದ ನಕಾಶೆಯ ಪಕ್ಕ ಇಟ್ಟು ನೋಡಬೇಕು. ವಿಜಯಪುರ, ಗದಗ, ಬಳ್ಳಾರಿ, ಎಲ್ಲವೂ ಕ್ಷಾಮ ಹೆಚ್ಚು ಸುಟ್ಟ ಊರುಗಳೇ. ಕಂಪನಿಯ ಕೇಂದ್ರ ಕಚೇರಿ ಧಾರವಾಡದಲ್ಲಿ ಎದ್ದಿತು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಕಟ್ಟಡ ಅದೇ.

ರೈಲು ಬಂತು, ಹಸಿವು ಹೋಯಿತು ಎಂದು ಬರೆಯುವ ಹಾಗಿಲ್ಲ. ಧಾನ್ಯ ತರುವ ಗಾಡಿಯೇ ಧಾನ್ಯವನ್ನು ಹೊರಗೂ ಒಯ್ಯುತ್ತದೆ. ಪೇಟೆಯ ದರ ಏರಿದಾಗ ಕಾಳನ್ನು ವರ್ಷಗಟ್ಟಲೆ ನೆಲದಲ್ಲಿ ಹೂತಿಡುವ ರೈತ ಎಷ್ಟು ದಿನ ತಡೆದಾನು? ಹಗೇವುಗಳು ಬರಿದಾಗುತ್ತ ಬಂದದ್ದು ಈ ಕಾಲದಲ್ಲೇ. ಎರೆ ಹೊಲಗಳಲ್ಲಿ ಜೋಳದ ಜಾಗಕ್ಕೆ ಹತ್ತಿ ಬಂತು. 1896–97ರಲ್ಲಿ, ಮತ್ತೆ 1899–1900ರಲ್ಲಿ, ರೈಲು ಇದ್ದೂ ಮುಂಬೈ ಪ್ರಾಂತ್ಯದಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಧಾನ್ಯ ನಿಲ್ದಾಣದವರೆಗೆ ಬರುತ್ತಿತ್ತು, ಕೊಳ್ಳುವ ಕಾಸು ಕೈಯಲ್ಲಿರಲಿಲ್ಲ.

ಕೈಯಲ್ಲಿ ಕಾಸಿರಬೇಕೆಂಬ ಪಾಠಕ್ಕೂ ಧಾತು–ಈಶ್ವರ ಬರದಲ್ಲೇ ಬೇರಿದೆ. 1877ರಲ್ಲಿ ಸರಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಕಲ್ಲು ಒಡೆಯುವ ಮೈಗೆ ಅಷ್ಟು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳವಾಡಿದ. ಮುಂಬೈ ಪ್ರಾಂತ್ಯದಲ್ಲಿ ಕೂಲಿಗಳು ಕೆಲಸ ಬಿಟ್ಟು ಎದ್ದರು, ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು. ಆ ಜಗಳದ ನಂತರವೇ ಎಲ್ಲಿ ಕೆಲಸ, ಎಷ್ಟು ಕೂಲಿ, ಯಾವಾಗ ಶುರು ಎಂಬುದನ್ನು ಕ್ಷಾಮ ಸಂಹಿತೆಗಳು ಬರೆದಿಟ್ಟವು. 1972ರ ಬರದಲ್ಲಿ ಮಹಾರಾಷ್ಟ್ರ ಕಟ್ಟಿದ ಉದ್ಯೋಗ ಖಾತ್ರಿ, 2005ರ ರಾಷ್ಟ್ರೀಯ ಕಾಯ್ದೆ, ಬರಪೀಡಿತ ತಾಲ್ಲೂಕಿಗೆ ಕೊಟ್ಟ ಹೆಚ್ಚುವರಿ 50 ದಿನದ ಕೆಲಸ, ಎಲ್ಲವೂ ಆ ದಾರಿಯಲ್ಲೇ ಬಂದವು.

ಬರ ಬಂದಿದೆ ಎಂದು ಬೇಗ ತಿಳಿಯುವ ಕೆಲಸ ಉಳಿದಿತ್ತು. 1988ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಾಗಿ ಬರ ನಿಗಾ ಕೋಶ ತೆರೆಯಿತು. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ. ಅದರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇನ್ನು ರೈಲು ತನ್ನ ಹುಟ್ಟಿನ ಕೆಲಸವನ್ನು 2016ರಲ್ಲೂ ಮಾಡಿತು. ಮಿರಜದಿಂದ ಲಾತೂರಿಗೆ ಕುಡಿಯುವ ನೀರು ಹೊತ್ತ ರೈಲು ಓಡಿತು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆದರೂ ಧಾತು–ಈಶ್ವರದ ಹಾಗೆ ದಾರಿಬದಿಯಲ್ಲಿ ಯಾರೂ ಬೀಳಲಿಲ್ಲ. ಮನುಷ್ಯನ ಹೊಟ್ಟೆಯ ಪಾಠವನ್ನು ನಾವು ಕಲಿತಿದ್ದೇವೆ. ಎತ್ತಿನ ಪಾಠ ಇನ್ನೂ ಅರ್ಧದಲ್ಲೇ ಇದೆ. ನವಲಗುಂದ, ಕುಂದಗೋಳದ ಎರೆ ಹೊಲಗಳಲ್ಲಿ ಈಗ ಕಡಲೆ, ಹತ್ತಿ. ಬಿಳಿಜೋಳ ಕಮ್ಮಿಯಾದಲ್ಲಿ ಕಣಿಕೆಯೂ ಕಮ್ಮಿ, ಬಣವೆಯೂ ಸಣ್ಣದು. ಬರ ಘೋಷಣೆಯಾದ ಮೇಲೆ ಪಶುಸಂಗೋಪನಾ ಇಲಾಖೆ ಮೇವಿನ ಬೀಜದ ಕಿಟ್ ಹಂಚುತ್ತದೆ. ಅದನ್ನು ಬಿತ್ತಲು ನೀರು ಬೇಕು. ಕೊಳವೆಬಾವಿ ಇದ್ದವನ ದನ ಬದುಕುತ್ತದೆ, ಇಲ್ಲದವನದು ಸಂತೆಗೆ ಹೋಗುತ್ತದೆ. ಮಳೆಮಾಪಕ ಜುಲೈನಲ್ಲೇ ಕೊರತೆ ತೋರಿಸುತ್ತಿರುವಾಗ ಮೇವನ್ನು ಆಗಲೇ ಕೊಂಡು ಹೋಬಳಿಗಳಲ್ಲಿ ದಾಸ್ತಾನು ಇಡಲು ಯಾವ ಅಡ್ಡಿಯೂ ಇಲ್ಲ. ತರಲು ಹಳಿಯಂತೂ ಇದ್ದೇ ಇದೆ.