ಮೈನ್‌ಫ್ರೇಮ್ ಗಣಕಗಳ ಸಮೂಹ ಜೋಡಣೆ ಮತ್ತು ಕಾರ್ಯಭಾರದ ಹಂಚಿಕೆ: ಸಾರ್ವಜನಿಕರಿಗೆ ಮಾಹಿತಿ

ಒಂದೇ ಮೈನ್‌ಫ್ರೇಮ್ ಗಣಕವನ್ನು ಅವಲಂಬಿಸಿದ ಸೇವೆಯು ಆ ಗಣಕವು ಸ್ಥಗಿತಗೊಂಡಾಗ ಸಂಪೂರ್ಣವಾಗಿ ನಿಲ್ಲುತ್ತದೆ. ಇದನ್ನು ತಪ್ಪಿಸಲು ಹಲವು ಗಣಕಗಳನ್ನು ಜೋಡಿಸಿ ಒಂದೇ ವ್ಯವಸ್ಥೆಯಂತೆ ನಡೆಸಲಾಗುತ್ತದೆ. ಐಬಿಎಂ ಸಂಸ್ಥೆಯು 1994ರಲ್ಲಿ ಪರಿಚಯಿಸಿದ ‘ಪ್ಯಾರಲಲ್ ಸಿಸ್‌ಪ್ಲೆಕ್ಸ್’ ಇದಕ್ಕೆ ಉದಾಹರಣೆಯಾಗಿದ್ದು, ಇದರಲ್ಲಿ ಗರಿಷ್ಠ 32 ವ್ಯವಸ್ಥೆಗಳನ್ನು ಜೋಡಿಸಬಹುದಾಗಿದೆ.

ಇದರ ಮುಖ್ಯ ಅಂಗಗಳು ಈ ಕೆಳಕಂಡಂತಿವೆ:

1. ಕಪ್ಲಿಂಗ್ ಫೆಸಿಲಿಟಿ: ಎಲ್ಲ ಗಣಕಗಳೂ ಒಂದೇ ದತ್ತಾಂಶವನ್ನು ಬಳಸುತ್ತವೆ. ಒಂದು ಖಾತೆಯನ್ನು ಎರಡು ಗಣಕಗಳು ಏಕಕಾಲಕ್ಕೆ ತಿದ್ದದಂತೆ, ಯಾವ ದಾಖಲೆಯು ಯಾವ ಗಣಕದ ವಶದಲ್ಲಿದೆ ಎಂಬ ವಿವರವನ್ನು ಇಲ್ಲಿ ಇಡಲಾಗುತ್ತದೆ.

2. ಏಕರೂಪದ ಸಮಯ: ನಮೂದುಗಳ ಅನುಕ್ರಮ ತಪ್ಪದಂತೆ ಎಲ್ಲ ಗಣಕಗಳ ಗಡಿಯಾರಗಳನ್ನು ಸರಿಹೊಂದಿಸಲಾಗುತ್ತದೆ.

3. ವರ್ಕ್‌ಲೋಡ್ ಮ್ಯಾನೇಜರ್: ಪ್ರತಿಯೊಂದು ಬಗೆಯ ಕೆಲಸಕ್ಕೂ ಆದ್ಯತೆ ಹಾಗೂ ಕಾಲಮಿತಿಯ ಗುರಿಯನ್ನು ನಿಗದಿಪಡಿಸಲಾಗುತ್ತದೆ. ಉದಾಹರಣೆಗೆ, ಕೌಂಟರಿನಲ್ಲಿ ಕಾಯುತ್ತಿರುವವರ ಶುಲ್ಕ ಪಾವತಿಗೆ ಮಾಸಿಕ ವರದಿಯ ತಯಾರಿಕೆಗಿಂತ ಹೆಚ್ಚಿನ ಆದ್ಯತೆ ನೀಡಬಹುದು. ಹೊಸ ಕೋರಿಕೆಗಳನ್ನು ಸಾಮರ್ಥ್ಯ ಉಳಿದಿರುವ ಗಣಕಕ್ಕೆ ಕಳುಹಿಸಲು ಇದು ನೆರವಾಗುತ್ತದೆ.

ಒಂದು ಗಣಕವು ಸ್ಥಗಿತಗೊಂಡಲ್ಲಿ ಹೊಸ ಕೋರಿಕೆಗಳನ್ನು ಉಳಿದ ಗಣಕಗಳು ಸ್ವೀಕರಿಸುತ್ತವೆ. ಪೂರ್ಣಗೊಂಡ ವ್ಯವಹಾರಗಳು ಹಾಗೆಯೇ ಉಳಿಯುತ್ತವೆ. ಅಪೂರ್ಣವಾದವುಗಳನ್ನು ರದ್ದುಪಡಿಸಿ ಖಾತೆಯನ್ನು ಹಿಂದಿನ ಸ್ಥಿತಿಗೆ ತರಲಾಗುತ್ತದೆ. ಅಲ್ಲಿಯವರೆಗೆ ಆ ದಾಖಲೆಗಳು ಮಾತ್ರ ಇತರರ ಬಳಕೆಗೆ ದೊರೆಯುವುದಿಲ್ಲ.

ಅರ್ಜಿದಾರರ ಗಮನಕ್ಕೆ: ಪಾವತಿಯ ನಡುವೆ ಪರದೆಯು ಸ್ಥಗಿತಗೊಂಡ ಮಾತ್ರಕ್ಕೆ ವ್ಯವಹಾರವು ವಿಫಲವಾಗಿದೆ ಎಂದು ಭಾವಿಸಬಾರದು. ವ್ಯವಹಾರ ಪೂರ್ಣಗೊಂಡು, ಅದರ ಉತ್ತರ ಮಾತ್ರ ತಲುಪದೆ ಇರಬಹುದು. ಆದುದರಿಂದ ಮತ್ತೊಮ್ಮೆ ಶುಲ್ಕ ಪಾವತಿಸುವ ಮುನ್ನ ಹಿಂದಿನ ಪಾವತಿಯ ಸ್ಥಿತಿಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.