ಹಳದಿ ಬೆಳಕಿನ ಜೋಡಿಗೆರೆ

ಗ್ಯಾಸ್ ಒಲೆಯ ಮೇಲಿಟ್ಟ ಸಾರು ಉಕ್ಕಿ ಬರ್ನರಿನ ಮೇಲೆ ಚೆಲ್ಲಿದಾಗ ಏನಾಗುತ್ತದೆ ಎಂಬುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದುವರೆಗೆ ನೀಲಿಯಾಗಿ ಉರಿಯುತ್ತಿದ್ದ ಜ್ವಾಲೆ ಥಟ್ಟನೆ ಹಳದಿಗೆ ತಿರುಗುತ್ತದೆ. ಈ ಹಳದಿ ಬಣ್ಣ ಬರುವುದು ಸಾರಿನ ಅರಿಸಿನದಿಂದಲ್ಲ, ಅದರಲ್ಲಿ ಕರಗಿರುವ ಉಪ್ಪಿನಿಂದ. ಉಪ್ಪಿನಲ್ಲಿ ಸೋಡಿಯಂ ಎಂಬ ಲೋಹದ ಪರಮಾಣುಗಳಿವೆ. ಜ್ವಾಲೆಯ ಕಾವಿಗೆ ಸಿಕ್ಕಿದ ಸೋಡಿಯಂ ಪರಮಾಣು ಈ ಬಣ್ಣದ ಬೆಳಕನ್ನೇ ಹೊರಸೂಸುತ್ತದೆ.

ಈ ಬೆಳಕನ್ನು ಒಂದು ಒಳ್ಳೆಯ ರೋಹಿತದರ್ಶಕದ ಮೂಲಕ ನೋಡಿದರೆ ಅಲ್ಲಿ ಕಾಣುವುದು ಒಂದು ಹಳದಿ ಗೆರೆಯಲ್ಲ. ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಗೆರೆಗಳು. ಒಂದರ ತರಂಗದೂರ 589.0 ನ್ಯಾನೋಮೀಟರ್, ಇನ್ನೊಂದರದು 589.6. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಎರಡು ಗೆರೆಗಳ ನಡುವಿನ ಅಂತರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಜರ್ಮನಿಯ ಫ್ರಾನ್‌ಹೋಫರ್ 1814ರಲ್ಲಿ ಸೂರ್ಯನ ಬೆಳಕಿನ ರೋಹಿತದಲ್ಲಿ ಕಪ್ಪು ಗೆರೆಗಳನ್ನು ಗುರುತಿಸಿ ಅಕ್ಷರಗಳಿಂದ ಹೆಸರಿಸಿದಾಗ ಈ ಸ್ಥಾನಕ್ಕೆ ಬಂದ ಹೆಸರು 'ಡಿ'. ಹಾಗಾಗಿ ಇಂದಿಗೂ ಇವು ಸೋಡಿಯಂನ ಡಿ ಗೆರೆಗಳು.

ಒಂದೇ ಗೆರೆ ಇರಬೇಕಾದಲ್ಲಿ ಎರಡು ಏಕೆ? ಈ ಚಿಕ್ಕ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು 1925ರಲ್ಲಿ. ಆ ಉತ್ತರವನ್ನು ಹುಡುಕುವಾಗ ಎಲೆಕ್ಟ್ರಾನಿನ ಒಂದು ಮೂಲಭೂತ ಗುಣವೇ ಬೆಳಕಿಗೆ ಬಂದಿತು.

ಮೆಟ್ಟಿಲು ಮತ್ತು ಬೆಳಕು

ಪರಮಾಣುವಿನಲ್ಲಿ ಎಲೆಕ್ಟ್ರಾನು ತನಗೆ ಬೇಕಾದಷ್ಟು ಶಕ್ತಿಯನ್ನು ಇಟ್ಟುಕೊಂಡು ಇರಲಾರದು. ನಿಗದಿಯಾದ ಕೆಲವು ಶಕ್ತಿಮಟ್ಟಗಳಲ್ಲಿ ಮಾತ್ರ ಅದು ಇರಬಲ್ಲದು ಎಂಬುದನ್ನು 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಪ್ರತಿಪಾದಿಸಿದರು. ಇದನ್ನು ಮೆಟ್ಟಿಲುಗಳಿಗೆ ಹೋಲಿಸಬಹುದು. ನಾವು ಈ ಮೆಟ್ಟಿಲ ಮೇಲೆ ನಿಲ್ಲಬಹುದು, ಆ ಮೆಟ್ಟಿಲ ಮೇಲೆ ನಿಲ್ಲಬಹುದು. ನಡುವೆ ಗಾಳಿಯಲ್ಲಿ ನಿಲ್ಲಲಾಗದು. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿದಾಗ ಎಲೆಕ್ಟ್ರಾನು ತನ್ನಲ್ಲಿ ಹೆಚ್ಚಾದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಮೆಟ್ಟಿಲುಗಳ ನಡುವಿನ ಎತ್ತರ ಎಷ್ಟೋ ಅದಕ್ಕೆ ತಕ್ಕ ಬಣ್ಣ.

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳಿವೆ. ಹತ್ತು ಎಲೆಕ್ಟ್ರಾನುಗಳು ಒಳಗೆ ಭದ್ರವಾದ ಕವಚದಂತೆ ಇರುತ್ತವೆ. ಹನ್ನೊಂದನೆಯದು ಮಾತ್ರ ಹೊರಗೆ ಒಂಟಿಯಾಗಿ ಉಳಿಯುತ್ತದೆ. ಜ್ವಾಲೆಯ ಕಾವು ಅದನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 16 ಪಾಲಿನಷ್ಟು ಹೊತ್ತು ಅಲ್ಲಿದ್ದು ಅದು ಕೆಳಗೆ ಬೀಳುತ್ತದೆ. ಆ ಜಿಗಿತದ ಎತ್ತರ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ಅದೇ ನಮಗೆ ಕಾಣುವ ಹಳದಿ.

ಎರಡು ಹಳದಿ ಗೆರೆಗಳಿವೆ ಎಂದರೆ, ಒಂದೇ ಎಂದು ನಾವು ತಿಳಿದಿದ್ದ ಮೇಲಿನ ಮೆಟ್ಟಿಲು ನಿಜವಾಗಿ ಎರಡು ತೆಳು ಹಾಸುಗಲ್ಲುಗಳಾಗಿ ಸೀಳಿದೆ ಎಂದಾಯಿತು. ಆ ಎರಡು ಹಾಸುಗಳ ನಡುವಿನ ಅಂತರ 0.0021 ಎಲೆಕ್ಟ್ರಾನ್ ವೋಲ್ಟ್. ಪೂರ್ತಿ ಜಿಗಿತದ ಸಾವಿರದಲ್ಲಿ ಒಂದು ಪಾಲು. ಬೋರ್ ಅವರ ಲೆಕ್ಕದಲ್ಲಿ ಈ ಸೀಳಿಗೆ ಕಾರಣವಿರಲಿಲ್ಲ.

ಕಾಂತದ ಮುಂದೆ ಇಟ್ಟಾಗ

ಇದಕ್ಕೂ ಮೊದಲೇ ಇನ್ನೊಂದು ಒಗಟು ಎದುರಾಗಿತ್ತು. 1896ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಪೀಟರ್ ಜೀಮನ್ ಸೋಡಿಯಂ ಜ್ವಾಲೆಯನ್ನು ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ಇಟ್ಟರು. ಡಿ ಗೆರೆಗಳು ಅಗಲವಾದವು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಲೊರೆಂಟ್ಸ್ ಇದಕ್ಕೆ ವಿವರಣೆ ಕೊಟ್ಟರು. ಪರಮಾಣುವಿನೊಳಗೆ ಚಲಿಸುವ ವಿದ್ಯುದಾವೇಶದ ಮೇಲೆ ಕಾಂತಕ್ಷೇತ್ರ ಕೆಲಸ ಮಾಡುವುದರಿಂದ ಪ್ರತಿಯೊಂದು ಗೆರೆಯೂ ಮೂರಾಗಿ ಸೀಳಬೇಕು ಎಂಬುದು ಅವರ ಲೆಕ್ಕ. 1902ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ನೋಡಿದಾಗ ಸೋಡಿಯಂ ಈ ಲೆಕ್ಕಕ್ಕೆ ಒಗ್ಗಲಿಲ್ಲ. ಡಿ ಜೋಡಿಯಲ್ಲಿ ಒಂದು ಗೆರೆ ನಾಲ್ಕಾಗಿ ಸೀಳಿತು, ಇನ್ನೊಂದು ಆರಾಗಿ. ಮೂರು ಎಲ್ಲಿಯೂ ಇಲ್ಲ! ವಿವರಿಸಲಾಗದ ಈ ನಡವಳಿಕೆಗೆ ವಿಜ್ಞಾನಿಗಳು 'ಅಸಂಗತ ಜೀಮನ್ ಪರಿಣಾಮ' ಎಂದು ಹೆಸರಿಟ್ಟು ಕಾಲು ಶತಮಾನ ಕಾದರು.

ಇಬ್ಬರು ಯುವಕರ ಊಹೆ

1925ರ ಆರಂಭದಲ್ಲಿ ರಾಲ್ಫ್ ಕ್ರೋನಿಗ್ ಎಂಬ ಯುವಕನಿಗೆ ಒಂದು ವಿಚಾರ ಹೊಳೆಯಿತು. ಎಲೆಕ್ಟ್ರಾನು ನ್ಯೂಕ್ಲಿಯಸ್ಸನ್ನು ಸುತ್ತುವುದಲ್ಲದೆ ಬುಗುರಿಯಂತೆ ತನ್ನ ಸುತ್ತಲೂ ತಾನು ತಿರುಗುತ್ತಿದ್ದರೆ? ತಿರುಗುವ ವಿದ್ಯುದಾವೇಶ ಒಂದು ಪುಟ್ಟ ಅಯಸ್ಕಾಂತವಾಗುತ್ತದೆ. ಆಗ ಎಷ್ಟೋ ಸಂಗತಿಗಳು ಬಿಡಿಸಿಕೊಳ್ಳುತ್ತವೆ. ಆದರೆ ಆ ಕಾಲದ ಅತ್ಯಂತ ಕಟು ವಿಮರ್ಶಕರೆಂದು ಹೆಸರಾದ ವುಲ್ಫ್‌ಗಾಂಗ್ ಪೌಲಿ ಈ ವಿಚಾರವನ್ನು ತಳ್ಳಿಹಾಕಿದರು. ಕ್ರೋನಿಗ್ ಅದನ್ನು ಪ್ರಕಟಿಸಲಿಲ್ಲ.

ಅದೇ ವರ್ಷ ಲೈಡನ್‌ನಲ್ಲಿ ಉಹ್ಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದು ಒಂದು ಚಿಕ್ಕ ಟಿಪ್ಪಣಿ ಬರೆದು ತಮ್ಮ ಗುರು ಏರೆನ್‌ಫೆಸ್ಟ್ ಅವರ ಕೈಗಿತ್ತರು. ಅನಂತರ ಹಿರಿಯರಾದ ಲೊರೆಂಟ್ಸ್ ಅವರನ್ನು ಕೇಳಿದಾಗ ಅವರು ಲೆಕ್ಕ ಹಾಕಿ ಒಂದು ದೊಡ್ಡ ಆಕ್ಷೇಪ ಎತ್ತಿದರು. ಎಲೆಕ್ಟ್ರಾನನ್ನು ಒಂದು ಪುಟ್ಟ ಚೆಂಡು ಎಂದು ಭಾವಿಸಿದರೆ, ಅಷ್ಟು ರಭಸದಿಂದ ತಿರುಗುವಾಗ ಅದರ ಮೇಲ್ಮೈ ಬೆಳಕಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಚಲಿಸಬೇಕಾಗುತ್ತದೆ. ಅದು ಸಾಧ್ಯವಿಲ್ಲ. ಹೆದರಿದ ಯುವಕರು ಟಿಪ್ಪಣಿಯನ್ನು ಹಿಂತೆಗೆದುಕೊಳ್ಳಲು ಓಡಿದರು. ಏರೆನ್‌ಫೆಸ್ಟ್ ಅದನ್ನು ಆಗಲೇ ಪತ್ರಿಕೆಗೆ ಕಳಿಸಿಬಿಟ್ಟಿದ್ದರು. ತಪ್ಪು ಮಾಡಿದರೂ ಸಹಿಸಿಕೊಳ್ಳಬಹುದಾದ ವಯಸ್ಸು ನಿಮ್ಮದು ಎಂಬ ಅರ್ಥದ ಸಮಾಧಾನವನ್ನೂ ಹೇಳಿದರು. 1925ರ ನವೆಂಬರಿನಲ್ಲಿ ಅದು ಅಚ್ಚಾಯಿತು. ಎಲೆಕ್ಟ್ರಾನಿನ ಸ್ಪಿನ್, ಅಂದರೆ ಗಿರಕಿ, ವಿಜ್ಞಾನಕ್ಕೆ ಪ್ರವೇಶಿಸಿದ್ದು ಹೀಗೆ.

ಮೆಟ್ಟಿಲು ಸೀಳುವುದು ಹೇಗೆ?

ರೈಲಿನಲ್ಲಿ ಕುಳಿತವರಿಗೆ ಹೊರಗಿನ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ. ಹಾಗೆಯೇ, ನಾವು ಎಲೆಕ್ಟ್ರಾನಿನ ಮೇಲೆ ಕುಳಿತು ನೋಡುವಂತಿದ್ದರೆ ನ್ಯೂಕ್ಲಿಯಸ್ಸೇ ನಮ್ಮನ್ನು ಸುತ್ತುತ್ತಿರುವಂತೆ ಕಾಣುತ್ತದೆ. ನ್ಯೂಕ್ಲಿಯಸ್ಸಿನಲ್ಲಿ ಧನ ವಿದ್ಯುದಾವೇಶವಿದೆ. ಸುತ್ತುವ ಆವೇಶವೆಂದರೆ ವಿದ್ಯುತ್ ಪ್ರವಾಹ, ಪ್ರವಾಹವಿದ್ದಲ್ಲಿ ಕಾಂತಕ್ಷೇತ್ರ. ಆದ್ದರಿಂದ ಹೊರಗೆ ಯಾವ ಅಯಸ್ಕಾಂತವನ್ನು ಇಡದಿದ್ದರೂ ಎಲೆಕ್ಟ್ರಾನು ಸದಾ ಒಂದು ಒಳಗಿನ ಕಾಂತಕ್ಷೇತ್ರದಲ್ಲಿಯೇ ಇರುತ್ತದೆ. ಸೋಡಿಯಂನ ಮೇಲಿನ ಮೆಟ್ಟಿಲಿನಲ್ಲಿ ಈ ಕ್ಷೇತ್ರ ಸುಮಾರು 18 ಟೆಸ್ಲಾದಷ್ಟು ಎಂದು ಗೆರೆಗಳ ಅಂತರದಿಂದ ಲೆಕ್ಕ ಹಾಕಬಹುದು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎಂಆರ್‌ಐ ಯಂತ್ರದ ಕ್ಷೇತ್ರ 1.5 ಟೆಸ್ಲಾ. ಅದರ ಹನ್ನೆರಡು ಪಟ್ಟು ಬಲ ಒಂದು ಉಪ್ಪಿನ ಹರಳಿನಿಂದ ಬಂದ ಪರಮಾಣುವಿನೊಳಗೆ ಇದೆ!

ಎಲೆಕ್ಟ್ರಾನೇ ಒಂದು ಪುಟ್ಟ ಅಯಸ್ಕಾಂತವಾದ್ದರಿಂದ ಅದು ಈ ಕ್ಷೇತ್ರದಲ್ಲಿ ತಿರುಗಿ ನಿಲ್ಲಬೇಕು. ದಿಕ್ಸೂಚಿಯ ಮುಳ್ಳು ಯಾವ ಕೋನದಲ್ಲಾದರೂ ಇರಬಲ್ಲದು. ಎಲೆಕ್ಟ್ರಾನಿಗೆ ಆ ಸ್ವಾತಂತ್ರ್ಯವಿಲ್ಲ. ಕ್ವಾಂಟಮ್ ನಿಯಮದಂತೆ ಅದರ ಗಿರಕಿಗೆ ಎರಡೇ ಸ್ಥಿತಿಗಳು: ಕಕ್ಷೆಯ ಸುತ್ತುವಿಕೆಗೆ ಅನುಕೂಲವಾಗಿ, ಇಲ್ಲವೇ ಅದಕ್ಕೆ ವಿರುದ್ಧವಾಗಿ. ಎರಡಕ್ಕೂ ಶಕ್ತಿ ಬೇರೆ ಬೇರೆ. ಹಾಗಾಗಿ ಮೆಟ್ಟಿಲು ಎರಡು ಹಾಸುಗಳಾಗಿ ಸೀಳುತ್ತದೆ, ಬೆಳಕು ಎರಡು ಗೆರೆಗಳಾಗುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಎಲೆಕ್ಟ್ರಾನಿಗೆ ಕಕ್ಷೀಯ ಸುತ್ತುವಿಕೆಯೇ ಇಲ್ಲ. ಒಳಗಿನ ಕಾಂತಕ್ಷೇತ್ರವೂ ಇಲ್ಲ. ಆದ್ದರಿಂದ ಅದು ಈ ರೀತಿ ಸೀಳುವುದಿಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಹೀಗೆ ಲೆಕ್ಕ ಹಾಕಿದರೆ ಸೀಳು ನಿಜವಾಗಿ ಇರುವುದರ ಎರಡರಷ್ಟು ಬರುತ್ತಿತ್ತು. 1926ರಲ್ಲಿ ಲೂಯೆಲಿನ್ ಥಾಮಸ್, ಸಾಪೇಕ್ಷತಾ ಸಿದ್ಧಾಂತವನ್ನು ಸರಿಯಾಗಿ ಬಳಸಿದರೆ ಆ ಹೆಚ್ಚುವರಿ ಅರ್ಧ ಕಳೆದುಹೋಗುತ್ತದೆ ಎಂದು ತೋರಿಸಿಕೊಟ್ಟರು. ಪೌಲಿಯವರೂ ಒಪ್ಪಿದರು. ನಾಲ್ಕು, ಆರು ಎಂಬ ಆ ಒರಟು ಸಂಖ್ಯೆಗಳೂ ಗಿರಕಿಯನ್ನು ಸೇರಿಸಿದೊಡನೆ ಲೆಕ್ಕಕ್ಕೆ ಕೂಡಿಬಂದವು.

ಲೊರೆಂಟ್ಸ್ ಅವರ ಆಕ್ಷೇಪ ಏನಾಯಿತು? ಅದು ಸರಿಯೇ ಆಗಿತ್ತು. ಎಲೆಕ್ಟ್ರಾನು ತಿರುಗುವ ಚೆಂಡಲ್ಲ. ಗಿರಕಿ ಎಂಬ ಹೆಸರು ಉಳಿದಿದ್ದರೂ, ಅದು ತೂಕ ಮತ್ತು ಆವೇಶಗಳಂತೆ ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಬಂದ ಗುಣ. 1928ರಲ್ಲಿ ಪಾಲ್ ಡಿರಾಕ್ ಕ್ವಾಂಟಮ್ ಸಿದ್ಧಾಂತವನ್ನು ಸಾಪೇಕ್ಷತೆಯೊಂದಿಗೆ ಹೊಂದಿಸಿ ಸಮೀಕರಣ ಬರೆದಾಗ, ಯಾರೂ ಸೇರಿಸದಿದ್ದರೂ ಗಿರಕಿ ತಾನಾಗಿಯೇ ಅದರಿಂದ ಹೊರಬಂದಿತು.

ಅಂತರ ಬೆಳೆಯುತ್ತ ಹೋಗುವುದು

ನ್ಯೂಕ್ಲಿಯಸ್ಸಿನ ಆವೇಶ ಹೆಚ್ಚಿದಂತೆ ಒಳಗಿನ ಕಾಂತಕ್ಷೇತ್ರವೂ ಬಲವಾಗಬೇಕಲ್ಲವೆ? ಸೋಡಿಯಂನ ಬಳಗದ ಲೋಹಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಹಗುರವಾದ ಲಿಥಿಯಂನ ಕೆಂಪು ಜೋಡಿಗೆರೆಯ ಅಂತರ 0.015 ನ್ಯಾನೋಮೀಟರ್ ಮಾತ್ರ. ಸೋಡಿಯಂನಲ್ಲಿ 0.6, ಪೊಟ್ಯಾಸಿಯಂನಲ್ಲಿ 3.4, ರುಬಿಡಿಯಂನಲ್ಲಿ ಸುಮಾರು 15, ಸೀಸಿಯಂನಲ್ಲಿ ಸುಮಾರು 42.

ಸೂರ್ಯನಲ್ಲಿ ಇದು ಇನ್ನೂ ದೂರ ಹೋಗುತ್ತದೆ. 1869ರ ಖಗ್ರಾಸ ಸೂರ್ಯಗ್ರಹಣದ ಸಮಯದಲ್ಲಿ ಅಮೆರಿಕದ ಹಾರ್ಕ್‌ನೆಸ್ ಮತ್ತು ಯಂಗ್ ಪ್ರತ್ಯೇಕವಾಗಿ, ಸೂರ್ಯನ ಸುತ್ತಲಿನ ಬೆಳ್ಳಿಯ ಪ್ರಭೆಯಾದ ಕರೋನಾದಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಅದರ ತರಂಗದೂರ 530.3 ನ್ಯಾನೋಮೀಟರ್. ಭೂಮಿಯ ಯಾವ ಧಾತುವಿನ ಗೆರೆಗೂ ಅದು ಹೊಂದಲಿಲ್ಲ. ಅಲ್ಲಿ ಹೊಸ ಧಾತುವಿದೆ ಎಂದು ಭಾವಿಸಿ 'ಕರೋನಿಯಂ' ಎಂದು ಹೆಸರನ್ನೂ ಇಟ್ಟರು. ಸುಮಾರು 70 ವರ್ಷಗಳ ಬಳಿಕ ಜರ್ಮನಿಯ ಗ್ರೊಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಅವರ ಕೆಲಸದಿಂದ ನಿಜ ಹೊರಬಂದಿತು. ಅದು ನಮ್ಮ ಹಳೆಯ ಕಬ್ಬಿಣವೇ. ಆದರೆ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ.

ಉಳಿದ ಹದಿಮೂರರಲ್ಲಿ ಹೊರಗಿನ ಎಲೆಕ್ಟ್ರಾನು ಇರುವುದು, ಸೋಡಿಯಂನಲ್ಲಿ ಸೀಳಿದ್ದನ್ನು ನಾವು ನೋಡಿದ ಅದೇ ಬಗೆಯ ಮೆಟ್ಟಿಲಿನಲ್ಲಿ. ಇಲ್ಲಿ ಮಾತ್ರ ಅದನ್ನು ಎಳೆಯುವ ಆವೇಶ ಬಹಳ ಹೆಚ್ಚು. ಹಾಗಾಗಿ ಎರಡು ಹಾಸುಗಳ ಅಂತರ 0.0021ರಿಂದ 2.34 ಎಲೆಕ್ಟ್ರಾನ್ ವೋಲ್ಟಿಗೆ, ಅಂದರೆ ಸಾವಿರ ಪಟ್ಟಿಗೂ ಮಿಕ್ಕಿ ಬೆಳೆದಿದೆ. ಮೇಲಿನ ಹಾಸಿನಿಂದ ಕೆಳಗಿನ ಹಾಸಿಗೆ ಬಿದ್ದರೇ ಸಾಕು, ಹಸಿರು ಬೆಳಕು! ಸೋಡಿಯಂನಲ್ಲಿ ಎರಡು ಗೆರೆಗಳ ನಡುವಿನ ಸಂದಿಯಾಗಿದ್ದುದು ಇಲ್ಲಿ ತಾನೇ ಒಂದು ಗೆರೆಯಾಗಿ ಬೆಳಗುತ್ತದೆ. ಈ ಬೀಳುವಿಕೆ ಬಹಳ ನಿಧಾನ. ಸೆಕೆಂಡಿನ ಸುಮಾರು ಅರವತ್ತರಲ್ಲಿ ಒಂದು ಪಾಲು ಬೇಕು. ಪ್ರಯೋಗಶಾಲೆಯ ದಟ್ಟ ಅನಿಲದಲ್ಲಿ ಅಷ್ಟರೊಳಗೆ ಪರಮಾಣುಗಳು ಎಷ್ಟೋ ಸಲ ಡಿಕ್ಕಿ ಹೊಡೆದು ಆ ಶಕ್ತಿ ಕಳೆದುಹೋಗುತ್ತದೆ. ಅತಿ ವಿರಳವಾದ ಕರೋನಾದಲ್ಲಿ ಮಾತ್ರ ಅದಕ್ಕೆ ಸಾವಕಾಶ ಉಂಟು. ಕಬ್ಬಿಣದಿಂದ 13 ಎಲೆಕ್ಟ್ರಾನುಗಳನ್ನು ಕೀಳಲು ಹತ್ತು ಲಕ್ಷ ಡಿಗ್ರಿಗೂ ಮೀರಿದ ಉಷ್ಣತೆ ಬೇಕು. ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸೂರ್ಯನ ಮೇಲ್ಮೈಗಿಂತ ಹೊರಗಿನ ಕರೋನಾ ಅಷ್ಟು ಬಿಸಿಯಾಗಿದೆ ಎಂಬ ಬೆರಗಿನ ಸಂಗತಿ ತಿಳಿದದ್ದು ಈ ಗೆರೆಯಿಂದ.

1980ರ ಫೆಬ್ರವರಿ 16ರಂದು ಅಂಕೋಲಾ, ರಾಯಚೂರುಗಳ ಮೇಲೆ ಹಾದುಹೋದ ಖಗ್ರಾಸ ಗ್ರಹಣ ಹಿರಿಯರಿಗೆ ನೆನಪಿರಬಹುದು. ಆಗ ಕೆಲವೇ ನಿಮಿಷ ಮಾತ್ರ ಕಂಡ ಕರೋನಾವನ್ನು ಈಗ ಗ್ರಹಣಕ್ಕೆ ಕಾಯದೆ ನೋಡಬಹುದಾಗಿದೆ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಸಿದ್ಧಪಡಿಸಿದ ಕರೋನಾದರ್ಶಕವಿದೆ. ಅದು ಗಮನಿಸಲೆಂದು ಆರಿಸಿಕೊಂಡ ಗೆರೆಗಳಲ್ಲಿ 530.3 ನ್ಯಾನೋಮೀಟರಿನ ಈ ಹಸಿರು ಗೆರೆಯೂ ಒಂದು.

ಮಾಡಿ ನೋಡಿ

ಪದವಿ ತರಗತಿಯ ವಿದ್ಯಾರ್ಥಿಗಳು ಡಿ ಗೆರೆಗಳನ್ನು ಕಾಲೇಜಿನಲ್ಲಿಯೇ ನೋಡಬಹುದು. ರೋಹಿತದರ್ಶಕದ ಮುಂದೆ ಸೋಡಿಯಂ ದೀಪವನ್ನಿಟ್ಟು, ಸೀಳುಕಿಂಡಿಯನ್ನು ಆದಷ್ಟು ಕಿರಿದು ಮಾಡಿ, ಮಿಲಿಮೀಟರಿಗೆ 600 ಗೆರೆಗಳಿರುವ ಗ್ರೇಟಿಂಗ್ ಬಳಸಿ. ಮೊದಲ ಕ್ರಮಾಂಕದ ರೋಹಿತದಲ್ಲಿ ಜೋಡಿ ಕಷ್ಟದಿಂದ ಬೇರೆಯಾದೀತು. ಎರಡನೆಯ ಕ್ರಮಾಂಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡು ಕೋನಗಳನ್ನು ಅಳೆದು ತರಂಗದೂರಗಳನ್ನು ತೆಗೆಯಿರಿ. ಅವುಗಳಿಂದ ಶಕ್ತಿಯ ಅಂತರವನ್ನು ಕಂಡುಹಿಡಿದು, ಅದನ್ನು ಬೋರ್ ಮ್ಯಾಗ್ನೆಟಾನಿನ ಎರಡರಷ್ಟರಿಂದ ಭಾಗಿಸಿ. ನಿಮಗೆ ಬರುವ ಉತ್ತರ 18 ಟೆಸ್ಲಾದ ಹತ್ತಿರವಿದ್ದರೆ, ಪರಮಾಣುವಿನೊಳಗಿನ ಕಾಂತಕ್ಷೇತ್ರವನ್ನು ನೀವೇ ಅಳೆದಂತಾಯಿತು.